ಮೈಲುತುತ್ತ ಹಸಿರು ಹೊಡೆದರೆ: ಮೊಳೆ ಹೇಳುವುದೆಷ್ಟು, ಹೇಳದ್ದೆಷ್ಟು

ಪ್ರಶ್ನೆ: ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ, ನೆರಳಿನ ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ಮಳೆಗಾಲಕ್ಕೆ ಮುಂಚಿನ ಸ್ಪ್ರೇಗೆಂದು ಈ ಸಲ ಒಂದು ಚೀಲ ಮೈಲುತುತ್ತ (ತಾಮ್ರದ ಸಲ್ಫೇಟ್) ತಂದೆವು. ಹರಳು ಯಾವತ್ತಿನ ಹಾಗೆ ಗಾಢ ನೀಲಿ ಇಲ್ಲ, ಹಸಿರು ಹೊಡೆಯುತ್ತಿದೆ, ಅಲ್ಲಲ್ಲಿ ಬಿಳಿ ಪುಡಿ ಮೆತ್ತಿದೆ. ನೀರಿನಲ್ಲಿ ಕರಗಿಸಿಟ್ಟರೆ ಮರುದಿನ ತಳದಲ್ಲಿ ಕಂದು ಗಷ್ಟು. ಅಂಗಡಿಯವರು ಒಂದು ಮೊಳೆ ಅದ್ದಿ ತೋರಿಸಿ, ‘ಕೆಂಪಾಯಿತಲ್ಲ, ಅಸಲಿ ಮಾಲು’ ಎಂದರು. ಇನ್ನೊಂದು ತೊಂದರೆ: ತುತ್ತಕ್ಕೆ ಸುಣ್ಣ ಸಮಸಮ ಹಾಕಿ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣ ಮಾಡಿದರೂ ಅದರಲ್ಲಿ ಕತ್ತಿ ಅದ್ದಿದರೆ ಕೆಂಪಾಗುತ್ತಿದೆ. ತುತ್ತ ಕಲಬೆರಕೆ ಆದದ್ದಕ್ಕೇ ಹೀಗೆಯೆ? ಮನೆಯಲ್ಲಿ ಪರೀಕ್ಷಿಸಲು ದಾರಿ ಇದೆಯೆ? ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ.

ಉತ್ತರ: ಮೊಳೆ ಕೆಂಪಾದದ್ದರಿಂದ ಗೊತ್ತಾಗುವುದು ಇಷ್ಟೇ: ಆ ನೀರಿನಲ್ಲಿ ತಾಮ್ರ ಇದೆ. ಎಷ್ಟಿದೆ ಎಂದು ಮೊಳೆ ಹೇಳುವುದಿಲ್ಲ. ಅರ್ಧಕ್ಕರ್ಧ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿದ ತುತ್ತದಲ್ಲೂ ಮೊಳೆ ನಿಮಿಷದೊಳಗೆ ಕೆಂಪಾಗುತ್ತದೆ. ಅಂಗಡಿಯವರು ಸುಳ್ಳು ಹೇಳಿದರು ಎನ್ನಲಾರೆ, ಆದರೆ ಅವರ ಪರೀಕ್ಷೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವಂಥದ್ದಲ್ಲ. ನೀವು ಕೊಡುವ ದುಡ್ಡು ತಾಮ್ರದ ತೂಕಕ್ಕೆ. ಹಾಗಾಗಿ ‘ಇದು ಮೈಲುತುತ್ತವೇ’ ಎಂಬ ಪರೀಕ್ಷೆ ಬೇರೆ, ‘ಇದು ಎಷ್ಟು ಶುದ್ಧ’ ಎಂಬ ಪರೀಕ್ಷೆ ಬೇರೆ. ಎರಡನ್ನೂ ಮಾಡಬಹುದು, ಎರಡನೆಯದಕ್ಕೆ ಒಂದು ಸಣ್ಣ ತಕ್ಕಡಿ ಮತ್ತು ಒಂದು ರಾತ್ರಿಯ ತಾಳ್ಮೆ ಬೇಕು. ಕತ್ತಿ ಕೆಂಪಾಗುವ ತೊಂದರೆಯ ಕಾರಣ ಬೇರೆ ಇದೆ, ಬಹುಮಟ್ಟಿಗೆ ಅದು ಸುಣ್ಣದ ತಪ್ಪು. ಅದನ್ನು ಕೊನೆಗೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಒಳ್ಳೆಯ ತುತ್ತ ಹೇಗಿರುತ್ತದೆ ನೋಡೋಣ. ರಸಾಯನಶಾಸ್ತ್ರದಲ್ಲಿ ಇದು ತಾಮ್ರದ ಸಲ್ಫೇಟ್, ಹರಳಿನಲ್ಲಿ ಒಂದು ಪಾಲು ಲವಣಕ್ಕೆ ಐದು ಪಾಲು ನೀರು ಕಟ್ಟಿಕೊಂಡಿರುತ್ತದೆ. ಶುದ್ಧ ಹರಳಿನ ತೂಕದಲ್ಲಿ 25.4% ತಾಮ್ರ, ಸುಮಾರು 36% ಬರಿಯ ನೀರು. ಅಂದರೆ ಒಂದು ಕಿಲೋ ತುತ್ತದಲ್ಲಿ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ತಾಮ್ರ, 360 ಗ್ರಾಂ ನೀರು. ಈ ನೀರು ಒದ್ದೆಯಲ್ಲ. ಹರಳಿನ ಕಟ್ಟಡದ ಇಟ್ಟಿಗೆ ಅದು. ನಾಲ್ಕು ಅಣು ನೀರು ನೇರವಾಗಿ ತಾಮ್ರದ ಸುತ್ತ ನಿಲ್ಲುತ್ತವೆ, ಐದನೆಯದು ಸಲ್ಫೇಟಿನ ಜೊತೆ ಕೈಹಿಡಿದು ದೂರ ಇರುತ್ತದೆ. ನೀಲಿ ಬಣ್ಣ ಬರುವುದೇ ತಾಮ್ರದ ಸುತ್ತಲಿನ ಆ ನೀರಿನಿಂದ. ಕಾಯಿಸಿದರೆ ಸುಮಾರು 63 ಡಿಗ್ರಿಯಲ್ಲಿ ಎರಡು, 109ರ ಹೊತ್ತಿಗೆ ಇನ್ನೆರಡು, 200ರ ಹೊತ್ತಿಗೆ ಉಳಿದ ಒಂದು ಹೊರಟು, ಹರಳು ಬೂದುಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಒಂದು ಹನಿ ನೀರು ಬಿಟ್ಟರೆ ಬಿಸಿಯೇರಿ ಮತ್ತೆ ನೀಲಿ.

ಕರಗುವಿಕೆಯ ಲೆಕ್ಕವೂ ತೋಟದವರಿಗೆ ಬೇಕಾದದ್ದೇ. 20 ಡಿಗ್ರಿಯ 100 ಮಿಲಿ ನೀರಿನಲ್ಲಿ ಸುಮಾರು 32 ಗ್ರಾಂ ಹರಳು ಕರಗುತ್ತದೆ, ಕುದಿಯುವ ನೀರಿನಲ್ಲಿ ಅದರ ಮೂರು ಪಟ್ಟಿಗೂ ಮಿಕ್ಕಿ. ಹತ್ತು ಲೀಟರ್ ತಣ್ಣೀರಿನ ಬಕೆಟ್ಟಿಗೆ ಎರಡು ಕಿಲೋ ಮೀರದಿದ್ದರೆ ತೊಂದರೆಯಿಲ್ಲ. ಮೂರು ಕಿಲೋ ಸುರಿದರೆ ಜೂನ್ ತಿಂಗಳ ಚಳಿನೀರಿನಲ್ಲಿ ತಳ ಹಿಡಿದು ಕೂತು, ‘ತುತ್ತ ಕರಗುವುದೇ ಇಲ್ಲ, ಕಳಪೆ ಮಾಲು’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಬಕೆಟ್ಟಿನ ತಳಕ್ಕೆ ಸುರಿದು ಕದಡುವುದಕ್ಕಿಂತ ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಬಿಡಿ. ಕರಗಿದ ನೀರು ಭಾರ, ತಾನಾಗಿ ಕೆಳಗಿಳಿದು ಹೊಸ ನೀರಿಗೆ ಜಾಗ ಬಿಡುತ್ತದೆ.

ಇನ್ನು ಬಿಳಿ ಪುಡಿಯ ವಿಷಯ. ಇದನ್ನು ಕಂಡ ಕೂಡಲೇ ಕಲಬೆರಕೆ ಎನ್ನಬೇಡಿ. ತುತ್ತದ ಹರಳು ತುಂಬ ಒಣ ಗಾಳಿಯಲ್ಲಿ ಮೇಲ್ಮೈಯ ನೀರನ್ನು ಬಿಟ್ಟುಕೊಟ್ಟು ತಿಳಿನೀಲಿ ಇಲ್ಲವೇ ಬಿಳಿಚಿದ ಪುಡಿ ಹೊದೆಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಹೀಗಾಗುವ ಮಾತೇ ಇಲ್ಲ. ಆದರೆ ಹೂಮಳೆಗೆ ಮುಂಚಿನ ಫೆಬ್ರುವರಿ, ಮಾರ್ಚ್ ಬಿಸಿಲಿನಲ್ಲಿ ಶೀಟು ಹೊದಿಸಿದ ಗೋದಾಮಿನಲ್ಲಿ ಬಿದ್ದಿದ್ದ ಚೀಲದಲ್ಲಿ ಆಗಬಹುದು. ಪರೀಕ್ಷೆ ಸುಲಭ: ಬಿಳಿ ಪುಡಿಯನ್ನು ಮಾತ್ರ ಕೆರೆದು ಪಿಂಗಾಣಿ ತಟ್ಟೆಯ ಮೇಲೆ ಹಾಕಿ ಒಂದು ಹನಿ ನೀರು ಬಿಡಿ. ನೀಲಿಗೆ ತಿರುಗಿದರೆ ಅದು ನೀರು ಕಳೆದುಕೊಂಡ ತುತ್ತವೇ, ಚಿಂತೆಯಿಲ್ಲ. ಹೇಳಬೇಕೆಂದರೆ ಆ ಭಾಗದಲ್ಲಿ ತಾಮ್ರದ ಪಾಲು ಹೆಚ್ಚೇ. ಬಿಳಿಯಾಗಿಯೇ ಕರಗಿದರೆ ಬೇರೆ ಲವಣ. ಸತುವಿನ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್, ಸೋಡಿಯಂ ಸಲ್ಫೇಟ್, ಅಡಿಗೆ ಉಪ್ಪು ಎಲ್ಲವೂ ಬಿಳಿಯೇ. ಕರಗದೆ ಉಳಿದು ಹುಳಿನೀರಿಗೆ ಬುಸುಗುಟ್ಟಿದರೆ ಅದು ಪಕ್ಕದ ಸುಣ್ಣದ ಚೀಲದಿಂದ ಹಾರಿ ಬಂದದ್ದು. ಸುಣ್ಣ ಮತ್ತು ತುತ್ತವನ್ನು ಒಂದೇ ಮೂಲೆಯಲ್ಲಿ ಪೇರಿಸಿಡುವ ಅಭ್ಯಾಸ ತೋಟಗಳಲ್ಲಿ ಕಡಿಮೆಯೇನಿಲ್ಲ.

ಹಸಿರು ಛಾಯೆ ಇದಕ್ಕಿಂತ ಗಂಭೀರ. ಸಾಮಾನ್ಯ ಕಾರಣ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಇದು ತುತ್ತಕ್ಕಿಂತ ಅಗ್ಗ, ಬಣ್ಣ ತಿಳಿಹಸಿರು. ಬರೀ ಬೆರೆಸಿದ್ದಾದರೆ ನೀಲಿ ಹರಳು, ಹಸಿರು ಹರಳು ಬೇರೆಬೇರೆಯಾಗಿ ಕಾಣುತ್ತವೆ. ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತದೆ. ಆದರೆ ತಾಮ್ರ ಮತ್ತು ಕಬ್ಬಿಣ ಎರಡೂ ಒಂದೇ ದ್ರಾವಣದಲ್ಲಿದ್ದು ಒಟ್ಟಿಗೆ ಹರಳುಗಟ್ಟಿದರೆ ಎರಡೂ ಒಂದೇ ಹರಳಿನೊಳಗೆ ಸೇರಿಕೊಳ್ಳುತ್ತವೆ, ಆಗ ಇಡೀ ಚೀಲ ಒಂದೇ ಸಮನೆ ಹಸಿರುನೀಲಿ. ನೀವು ಬರೆದದ್ದು ನೋಡಿದರೆ ನಿಮ್ಮದು ಈ ಎರಡನೆಯ ಜಾತಿ ಇರಬಹುದು. ಮರುದಿನ ತಳದಲ್ಲಿ ಕಂಡ ಕಂದು ಗಷ್ಟು ಇದಕ್ಕೆ ಹೊಂದುತ್ತದೆ: ಕರಗಿದ ಕಬ್ಬಿಣ ಗಾಳಿಯ ಆಮ್ಲಜನಕ ಹೀರಿ ತುಕ್ಕಿನ ಬಣ್ಣದ ಹೈಡ್ರಾಕ್ಸೈಡಾಗಿ ಇಳಿಯುತ್ತದೆ. ಹಸಿರಿಗೆ ಇನ್ನೊಂದು ಕಾರಣವೂ ಉಂಟು, ಕ್ಲೋರೈಡ್. ತುತ್ತದ ಗಟ್ಟಿ ದ್ರಾವಣಕ್ಕೆ ಅಡಿಗೆ ಉಪ್ಪು ಧಾರಾಳವಾಗಿ ಬಿದ್ದರೆ ಬಣ್ಣ ಹಸಿರಾಗುತ್ತದೆ, ನೀರು ಸೇರಿಸುತ್ತ ಹೋದಂತೆ ಮತ್ತೆ ಆಕಾಶನೀಲಿಗೆ ಬರುತ್ತದೆ. ಕಬ್ಬಿಣದ ಹಸಿರು ಹೀಗೆ ತಿರುಗುವುದಿಲ್ಲ, ತೆಳುವಾಗುತ್ತದೆ ಅಷ್ಟೆ. ಕಾಪರ್ ಆಕ್ಸಿಕ್ಲೋರೈಡ್ ಎಂಬ ಹಸಿರು ಪುಡಿಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದು ಬೇರೆಯೇ ಔಷಧಿ, ನೀರಿನಲ್ಲಿ ಕರಗದು, ಸುಣ್ಣವೂ ಬೇಡ.

ಈಗ ಪರೀಕ್ಷೆ. ಮಾದರಿ ತೆಗೆಯುವುದರಲ್ಲೇ ಅರ್ಧ ಜನ ಎಡವುತ್ತಾರೆ: ಚೀಲದ ಬಾಯಿಂದ ಎರಡು ಚೆಂದದ ಹರಳು ಆರಿಸಿ ಪರೀಕ್ಷೆ ಮಾಡಿ ‘ಸರಿ ಇದೆ’ ಎನ್ನುತ್ತಾರೆ. ಚೀಲದ ಮೇಲೆ, ನಡು, ತಳ, ಪಕ್ಕ ಎಲ್ಲ ಕಡೆಯಿಂದ ಒಂದೊಂದು ಹಿಡಿ ತೆಗೆಯಿರಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಕುಟ್ಟಿ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಿ. ಸುಮಾರು 100 ಗ್ರಾಂ ಆಗುವ ತನಕ ಹೀಗೆಯೇ ಮಾಡಿ. ಅದೇ ನಿಮ್ಮ ಮಾದರಿ.

ಅದರಲ್ಲಿ 10 ಗ್ರಾಂ ತೆಗೆದು ಗಾಜಿನ ಲೋಟದಲ್ಲಿ 100 ಮಿಲಿ ಕಾಯಿಸಿ ಆರಿಸಿದ ಮಳೆನೀರಿಗೆ ಹಾಕಿ. ಮಳೆನೀರು ಯಾಕೆಂದರೆ, ಬಾವಿ ಅಥವಾ ಕೊಳವೆಬಾವಿಯ ನೀರಿನಲ್ಲಿ ಸುಣ್ಣದಂಶ ಇದ್ದರೆ ಒಳ್ಳೆಯ ತುತ್ತವೂ ನೀಲಿಹಸಿರಾಗಿ ಕದಡುತ್ತದೆ. ಹಾಗೆ ಕದಡಿದರೆ ನಾಲ್ಕು ಹನಿ ಸಾರರಿಕ್ತ (ನೀರು ಬೆರೆಸಿ ತೆಳು ಮಾಡಿದ) ಗಂಧಕಾಮ್ಲ, ಅದಿಲ್ಲದಿದ್ದರೆ ಸ್ವಲ್ಪ ವಿನಿಗರ್ ಬಿಡಿ. ನೀಲಿ ಕದಡು ತಕ್ಷಣ ತಿಳಿಯಾಗುತ್ತದೆ, ಮಣ್ಣು ಮರಳು ಹಾಗೇ ಉಳಿಯುತ್ತವೆ. ಒಳ್ಳೆಯ ಮಾಲಿನ ದ್ರಾವಣ ಕನ್ನಡಿಯಂತೆ ತಿಳಿ, ಬಣ್ಣ ಸ್ವಚ್ಛ ನೀಲಿ. ಪಿಎಚ್ ಕಾಗದ ಅದ್ದಿದರೆ 4ರ ಆಸುಪಾಸು ಬರುತ್ತದೆ. ತುತ್ತ ಸ್ವಭಾವತಃ ಹುಳಿಗುಣದ್ದು, ಅದು ದೋಷವಲ್ಲ. 3ಕ್ಕಿಂತ ಕೆಳಗಿಳಿದರೆ ತಯಾರಿಕೆಯ ಆಮ್ಲ ಸರಿಯಾಗಿ ತೊಳೆದುಹೋಗಿಲ್ಲ.

ಕಬ್ಬಿಣ ಹಿಡಿಯಲು ಅಮೋನಿಯಾವನ್ನು ಮೀರಿಸಿದ ಪರೀಕ್ಷೆ ಇಲ್ಲ. ಇದನ್ನು ಮಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರನ್ನು ಕೇಳಿ ಮಾಡುವುದು ಒಳ್ಳೆಯದು. ಅಮೋನಿಯಾದ ವಾಸನೆ ಮನೆಯ ಮುಚ್ಚಿದ ಕೋಣೆಗೆ ತಕ್ಕದ್ದಲ್ಲ. ಒಂದು ಗ್ರಾಂ ತುತ್ತವನ್ನು 20 ಮಿಲಿ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ನಾಲ್ಕೈದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಾಯಿಸಿ ಆರಿಸಬೇಕು. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಅನ್ನಭೇದಿಯ ಕಬ್ಬಿಣ ಅಮೋನಿಯಾದಲ್ಲಿ ಪೂರ್ತಿ ಇಳಿಯುವುದಿಲ್ಲ, ಒಂದಂಶ ಕರಗಿಯೇ ಉಳಿದು ಕಣ್ಣುತಪ್ಪಿಸುತ್ತದೆ. ಪೆರಾಕ್ಸೈಡ್ ಅದನ್ನು ಫೆರಿಕ್ ರೂಪಕ್ಕೆ ತಂದ ಮೇಲೆ ಪೂರ್ತಿ ಇಳಿಯುತ್ತದೆ. ಬಳಿಕ ಸಾರರಿಕ್ತ ಅಮೋನಿಯಾವನ್ನು ಹನಿಹನಿಯಾಗಿ ಬಿಡುತ್ತ ಅಲ್ಲಾಡಿಸಿ. ಮೊದಲು ತಿಳಿನೀಲಿ ಪ್ರಕ್ಷೇಪ, ಅಂದರೆ ಕರಗದ ಗಷ್ಟು, ಬರುತ್ತದೆ. ಇಲ್ಲಿಗೇ ನಿಲ್ಲಿಸಬಾರದು, 10 ಮಿಲಿಯಷ್ಟಾದರೂ ಬೇಕಾದೀತು. ಇನ್ನಷ್ಟು ಹಾಕಿದಾಗ ಪ್ರಕ್ಷೇಪ ಕರಗಿ, ಶಾಯಿಯಂಥ ಕಡುನೀಲಿ ಆಗುತ್ತದೆ. ತಾಮ್ರ ಇರುವುದಕ್ಕೆ ಇದು ಪಕ್ಕಾ ಸಾಕ್ಷಿ. ಈಗ ಆ ಕಡುನೀಲಿಯನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ, ಕಾಗದವನ್ನು ಅಮೋನಿಯಾ ಬೆರೆತ ನೀರಿನಿಂದ ನೀಲಿ ಹೋಗುವ ತನಕ ತೊಳೆಯಿರಿ. ಕಾಗದ ಬೆಳ್ಳಗೆ ಉಳಿದರೆ ಕಬ್ಬಿಣವಿಲ್ಲ. ತೆಳುವಾದ ಕಂದು ಕಲೆ ಮಾತ್ರವಾದರೆ ಅಲ್ಪ ಕಲ್ಮಶ, ಅದು ಸಾಮಾನ್ಯ ದರ್ಜೆಯ ಮಾಲಿನಲ್ಲಿ ಇರುವಂಥದ್ದೇ. ಚಮಚದಲ್ಲಿ ಕೆರೆದು ತೆಗೆಯುವಷ್ಟು ತುಕ್ಕುಬಣ್ಣದ ಮುದ್ದೆ ಕೂತರೆ ಅನ್ನಭೇದಿ ಕಲಬೆರಕೆ, ಅದರಲ್ಲಿ ಸಂಶಯ ಬೇಡ.

ಒಂದು ಎಚ್ಚರಿಕೆ. ಸತುವಿನ ಸಲ್ಫೇಟ್ ಬೆರೆತಿದ್ದರೆ ಅಮೋನಿಯಾ ಅದನ್ನು ತೋರಿಸುವುದಿಲ್ಲ, ಸತುವೂ ಹೆಚ್ಚಿನ ಅಮೋನಿಯಾದಲ್ಲಿ ಬಣ್ಣವಿಲ್ಲದೆ ಕರಗಿಬಿಡುತ್ತದೆ. ಕಡುನೀಲಿ ಬಂತೆಂದು ಶುದ್ಧ ಎಂದುಕೊಳ್ಳುವುದು ಮೊಳೆ ಕೆಂಪಾಯಿತೆಂದು ಶುದ್ಧ ಎನ್ನುವುದಕ್ಕೆ ಸಮ.

ಮಗಳಿಗೆ ಉಳಿದ ಗುರುತಿನ ಪರೀಕ್ಷೆಗಳು ಪಠ್ಯದಲ್ಲೇ ಸಿಗುತ್ತವೆ, ಬೇಗ ಹೇಳಿ ಮುಗಿಸುತ್ತೇನೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ತಿಳಿನೀಲಿ ಪ್ರಕ್ಷೇಪ, ಅದನ್ನು ಕಾಯಿಸಿದರೆ ಕಪ್ಪು ತಾಮ್ರದ ಆಕ್ಸೈಡ್. ಪೊಟ್ಯಾಸಿಯಂ ಫೆರೋಸಯನೈಡ್ ಹನಿ ಬಿಟ್ಟರೆ ಚಾಕೊಲೇಟ್ ಕಂದು. ಆದರೆ ಫೆರಿಕ್ ಕಬ್ಬಿಣ ಇದ್ದರೆ ಕಡುನೀಲಿ ಬಂದು ಕಂದನ್ನು ನುಂಗುತ್ತದೆ, ಹಾಗಾಗಿ ನಿಮ್ಮ ಮಾಲಿಗೆ ಈ ಪರೀಕ್ಷೆ ಗಲಿಬಿಲಿ ಮಾಡೀತು. ಸಲ್ಫೇಟ್ ಗುರುತಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಮೇಲೆ ಬೇರಿಯಂ ಕ್ಲೋರೈಡ್: ಆಮ್ಲದಲ್ಲಿ ಕರಗದ ಬಿಳಿ ಪ್ರಕ್ಷೇಪ. ಉಪ್ಪು ಬೆರೆತ ಅನುಮಾನಕ್ಕೆ ನೈಟ್ರಿಕ್ ಆಮ್ಲದ ಜೊತೆ ಸಿಲ್ವರ್ ನೈಟ್ರೇಟ್: ಮೊಸರಿನಂಥ ಬಿಳಿ ಬಂದರೆ ಕ್ಲೋರೈಡ್. ಜ್ವಾಲೆಗೆ ಹಿಡಿದರೆ ಹಸಿರು ಉರಿ. ನೋಡಲು ಸೊಗಸು, ಶುದ್ಧತೆಗೆ ಕಿಂಚಿತ್ತೂ ಉಪಯೋಗವಿಲ್ಲ.

‘ಕಾಯಿಸಿ ತೂಗಿದರೆ ಸಾಕು, ಐದು ಗ್ರಾಂ ಹೋಗಿ 3.2 ಗ್ರಾಂ ಆಗಬೇಕು’ ಎಂದು ಕೆಲವರು ಸಲಹೆ ಕೊಡುತ್ತಾರೆ. ಶುದ್ಧ ತುತ್ತದ ಲೆಕ್ಕ ಸರಿ. ಆದರೆ ಅನ್ನಭೇದಿಯೂ ಕಾಯಿಸಿದಾಗ ಹೆಚ್ಚುಕಡಿಮೆ ಅಷ್ಟೇ ಪಾಲು ನೀರು ಬಿಡುವುದರಿಂದ ತೂಕದಲ್ಲಿ ಕಲಬೆರಕೆ ಅಡಗಿಹೋಗುತ್ತದೆ. ನಿಮ್ಮ ಸಂದರ್ಭಕ್ಕೆ ಇದು ಬೇಡ. ಹಂಚಿನ ಚೂರಿನ ಮೇಲೆ ಒಂದು ಚಿಟಿಕೆ ಹುರಿದು ಬಣ್ಣ ನೋಡುವುದಾದರೆ ನೋಡಿ: ಶುದ್ಧ ತುತ್ತ ಬೂದುಬಿಳಿ, ಅನ್ನಭೇದಿ ಹೆಚ್ಚಿದ್ದರೆ ಹಳದಿ ಮಿಶ್ರಿತ ಕಂದು. ಉರಿ ಜೋರು ಮಾಡಬಾರದು. ಕೆಂಪಗೆ ಕಾದರೆ ಶುದ್ಧ ತುತ್ತವೂ ಉಸಿರುಕಟ್ಟುವ ಹೊಗೆ ಬಿಟ್ಟು ಕಪ್ಪಾಗುತ್ತದೆ.

ಎಷ್ಟು ತಾಮ್ರ ಇದೆ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಕೊಡಬಲ್ಲದ್ದು ಅದೇ ಮೊಳೆ. ಅದ್ದಿ ತೆಗೆಯುವುದಲ್ಲ, ಪೂರ್ತಿ ಕೆಲಸ ಮಾಡಿಸಬೇಕು. ಬಂಗಾರದ ಅಂಗಡಿಯಲ್ಲಿರುವಂಥ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಮಾದರಿಯಿಂದ 10 ಗ್ರಾಂ ತೂಗಿ, ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ. ಐದಾರು ಹನಿ ಸಾರರಿಕ್ತ ಗಂಧಕಾಮ್ಲ ಸೇರಿಸಿ. ಸಾದಾ ಕಬ್ಬಿಣದ ಮೊಳೆ 25-30 ಗ್ರಾಂನಷ್ಟು ತೆಗೆದು ಮರಳುಕಾಗದದಿಂದ ಹೊಳೆಯುವ ತನಕ ಉಜ್ಜಿ, ಸೋಪಿನಲ್ಲಿ ಎಣ್ಣೆ ತೆಗೆದು ಅದರಲ್ಲಿ ಮುಳುಗಿಸಿ. ಸತುವು ಲೇಪಿಸಿದ ಶೀಟಿನ ಮೊಳೆ ಬೇಡ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಪ್ರಯೋಜನವಿಲ್ಲ. ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ಅದರ ಜಾಗಕ್ಕೆ ತಾಮ್ರ ಹೊರಬರುತ್ತದೆ. ಸತು, ಮೆಗ್ನೀಸಿಯಂ, ಸೋಡಿಯಂ ಯಾವುದನ್ನೂ ಕಬ್ಬಿಣ ಹೊರದಬ್ಬಲಾರದು, ಅನ್ನಭೇದಿಯ ಕಬ್ಬಿಣವೂ ಕರಗಿಯೇ ಉಳಿಯುತ್ತದೆ. ಹಾಗಾಗಿ ತೂಕಕ್ಕೆ ಬರುವುದು ತಾಮ್ರ ಮಾತ್ರ.

ಆಗಾಗ ಸೀಸೆ ಅಲ್ಲಾಡಿಸಿ, ಮೊಳೆಗೆ ಹತ್ತಿದ ತಾಮ್ರ ಉದುರಿದರೆ ಕೆಲಸ ಬೇಗ ಸಾಗುತ್ತದೆ. ರಾತ್ರಿಯಿಡೀ ಬಿಡಿ. ಬೆಳಗ್ಗೆ ನೀಲಿ ಪೂರ್ತಿ ಹೋಗಿ ತಿಳಿಹಸಿರು ಆಗಿರಬೇಕು. ಒಂದು ಚಮಚ ತಿಳಿ ತೆಗೆದು ಅಮೋನಿಯಾ ಹಾಕಿದಾಗ ನೀಲಿ ಬಂದರೆ ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಮೊಳೆಗಳನ್ನು ಸೀಸೆಯಲ್ಲೇ ಕೆರೆದು, ಒಂದೊಂದಾಗಿ ಹೊರತೆಗೆಯಿರಿ. ತಳದ ಕೆಂಪು ಪುಡಿಯನ್ನು ಬಿಸಿನೀರಿನಲ್ಲಿ ನಾಲ್ಕು ಸಲ ತೊಳೆದು ತಿಳಿ ಬಸಿಯಿರಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಒಮ್ಮೆ ಆಡಿಸಿ, ಕಬ್ಬಿಣದ ಚೂರಿದ್ದರೆ ಬರುತ್ತದೆ. ಕೊನೆಯ ತೊಳೆತ ಸ್ಪಿರಿಟಿನಲ್ಲಿ ಆದರೆ ಬೇಗ ಒಣಗುತ್ತದೆ. ಮೊದಲೇ ತೂಗಿಟ್ಟ ತಟ್ಟೆಯಲ್ಲಿ ಬಿಸಿಲಿಗೋ ಬಿಸಿನೀರಿನ ಪಾತ್ರೆಯ ಮೇಲೋ ಒಣಗಿಸಿ. ಒಲೆಯ ಮೇಲೆ ಹುರಿದರೆ ತಾಮ್ರ ಕಪ್ಪಾಗಿ ಆಮ್ಲಜನಕ ಸೇರಿ ತೂಕ ಏರುತ್ತದೆ, ಕಳಪೆ ಮಾಲೂ ಚೆನ್ನಾಗಿ ಕಾಣುತ್ತದೆ.

ಶುದ್ಧ ತುತ್ತವಾದರೆ 2.54 ಗ್ರಾಂ ತಾಮ್ರ ಬರಬೇಕು. ತೊಳೆಯುವಾಗ ಹೋಗುವುದು, ಒಣಗದೆ ಉಳಿಯುವುದು ಎಲ್ಲ ಸೇರಿ ಈ ವಿಧಾನದಲ್ಲಿ ಐದರಿಂದ ಹತ್ತು ಶೇಕಡ ಏರುಪೇರು ಸಹಜ. 2.3ರಿಂದ 2.6 ಬಂದರೆ ಸುಮ್ಮನಿರಿ. 2ಕ್ಕಿಂತ ಕೆಳಗಿಳಿದರೆ ಇನ್ನೊಮ್ಮೆ ಮಾಡಿ, ಮತ್ತೆ ಅಷ್ಟೇ ಬಂದರೆ ಮಾಲು ಹಿಂತಿರುಗಿಸುವ ಮಾತಾಡಿ.

ಅಂಕಿ ಇನ್ನೂ ಖಚಿತ ಬೇಕೆಂದರೆ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಅಯೋಡಿನ್ ಅನುಮಾಪನ (ಟೈಟ್ರೇಷನ್) ಮಾಡಿಸಬಹುದು. ಒಂದು ಗ್ರಾಂ ತುತ್ತ, 50 ಮಿಲಿ ನೀರು, ಸ್ವಲ್ಪ ಅಸಿಟಿಕ್ ಆಮ್ಲ, 3 ಗ್ರಾಂ ಪೊಟ್ಯಾಸಿಯಂ ಅಯೊಡೈಡ್. ಬಿಡುಗಡೆಯಾದ ಅಯೋಡಿನ್‌ಗೆ 0.1 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್, ಹಳದಿ ತೆಳುವಾದ ಮೇಲೆ ಪಿಷ್ಟ. ಥಯೋಸಲ್ಫೇಟಿನ ಪ್ರತಿ ಮಿಲಿಗೆ 24.97 ಮಿಲಿಗ್ರಾಂ ಶುದ್ಧ ತುತ್ತ, ಶುದ್ಧ ಮಾಲಿಗೆ 40 ಮಿಲಿ ಖರ್ಚಾಗುತ್ತದೆ. ಫೆರಿಕ್ ಕಬ್ಬಿಣವೂ ಅಯೋಡಿನ್ ಬಿಡಿಸುವುದರಿಂದ ಮೊದಲೇ ಫ್ಲೋರೈಡ್ ಹಾಕಿ ಅದರ ಬಾಯಿ ಕಟ್ಟಬೇಕು. ಇಲ್ಲವಾದರೆ ಕಲಬೆರಕೆಯೇ ಶುದ್ಧತೆಯ ಅಂಕ ಹೆಚ್ಚಿಸುವ ವಿಚಿತ್ರ ನಡೆಯುತ್ತದೆ.

ಈಗ ಕತ್ತಿಯ ವಿಷಯ. ಬೋರ್ಡೋದಲ್ಲಿ ಸುಣ್ಣದ ಕೆಲಸ ಕರಗಿದ ತಾಮ್ರವನ್ನೆಲ್ಲ ಕರಗದ ರೂಪಕ್ಕೆ ತರುವುದು. ಕತ್ತಿ ಕೆಂಪಾದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಬರೀ ತುತ್ತದ ನೀರು ಎಲೆ ಸುಡುತ್ತದೆ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆ ಬಳಕೆಗೆ ತಂದ ಈ ಮಿಶ್ರಣದಲ್ಲಿ ಸುಣ್ಣ ಇರುವುದು ಅದಕ್ಕೇ. ಲೆಕ್ಕ ನೋಡಿ: ಒಂದು ಕಿಲೋ ಶುದ್ಧ ತುತ್ತಕ್ಕೆ ಶುದ್ಧ ಸುಟ್ಟ ಸುಣ್ಣ ಬೇಕಾದದ್ದು ಸುಮಾರು 225 ಗ್ರಾಂ, ಅರಳಿದ ಸುಣ್ಣದ ಪುಡಿಯಾದರೆ ಸುಮಾರು 300 ಗ್ರಾಂ. ಒಂದು ಕಿಲೋ ಅನ್ನಭೇದಿಗೂ ಬೇಕಾಗುವುದು ಸುಟ್ಟ ಸುಣ್ಣ 200 ಗ್ರಾಂ ಅಷ್ಟೆ. ಅಂದಮೇಲೆ ತುತ್ತದಲ್ಲಿ ಅನ್ನಭೇದಿ ಬೆರೆತಿದೆಯೆಂದು ಸುಣ್ಣ ಕಡಿಮೆ ಬೀಳುವುದಿಲ್ಲ. ನೀವು ಸಮಸಮ, ಅಂದರೆ ಮೂರು ನಾಲ್ಕು ಪಟ್ಟು ಹಾಕಿಯೂ ಕತ್ತಿ ಕೆಂಪಾಗುತ್ತಿದೆ ಎಂದರೆ ನಿಮ್ಮ ಸುಣ್ಣದಲ್ಲಿ ಮುಕ್ಕಾಲು ಪಾಲು ಸತ್ತಿದೆ, ಇಲ್ಲವೇ ಅರಳದೆ ಗಂಟಾಗಿ ಜರಡಿಯಲ್ಲಿ ಉಳಿದುಹೋಗುತ್ತಿದೆ.

ಸುಣ್ಣ ಸಾಯುವುದೆಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣಕಲ್ಲಿನ ಪುಡಿಯಾಗುವುದು. ಕೊಡಗಿನ ತೇವದಲ್ಲಿ ಬಾಯಿ ಬಿಚ್ಚಿದ ಚೀಲ ಒಂದು ಮಳೆಗಾಲ ಕಳೆದರೆ ಮುಗಿಯಿತು. ಒಂದು ಚಮಚ ಪುಡಿಗೆ ವಿನಿಗರ್ ಹಾಕಿ: ಜೋರಾಗಿ ಬುಸುಗುಟ್ಟಿದರೆ ಸತ್ತ ಸುಣ್ಣ, ಸದ್ದಿಲ್ಲದೆ ಕರಗಿದರೆ ಜೀವ ಇದೆ. ಸುಟ್ಟ ಚಿಪ್ಪು ಸುಣ್ಣವಾದರೆ ಇನ್ನೂ ಸುಲಭ, ನೀರು ಚಿಮುಕಿಸಿದಾಗ ಬಿಸಿಯಾಗಿ ಒಡೆದು ಅರಳಬೇಕು. ಹಿಂದಿನ ದಿನವೇ ಅರಳಿಸಿ ನೀರಿನಡಿ ಮುಚ್ಚಿಟ್ಟರೆ ಗಂಟು ಉಳಿಯದು.

200 ಲೀಟರಿನ ಡ್ರಮ್ಮಿಗೆ, ಕಾಫಿಯ ಎಲೆ ತುಕ್ಕಿಗೆ ಹೊಡೆಯುವ 0.5% ಬೋರ್ಡೋಗೆ ಒಂದು ಕಿಲೋ ತುತ್ತ 100 ಲೀಟರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 100 ಲೀಟರಿನಲ್ಲಿ. ಮೆಣಸಿನ ಸೊರಗು ರೋಗಕ್ಕೆ, ಕಾಫಿಯ ಕೊಳೆ ರೋಗಕ್ಕೆ 1%, ಅಂದರೆ ಎರಡೂ ಎರಡೆರಡು ಕಿಲೋ. ಸುಣ್ಣದ ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿ ದೊಡ್ಡ ಡ್ರಮ್ಮಿಗೆ ಹಾಕಿ, ಅದಕ್ಕೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕೋಲಿನಿಂದ ಕದಡುತ್ತಿರಿ. ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ನಳಿಗೆ ಕಟ್ಟುತ್ತದೆ, ಎಲೆಗೂ ಅಂಟುವುದಿಲ್ಲ. ಚೆನ್ನಾಗಿ ಕದಡಿ ಐದು ನಿಮಿಷ ಬಿಟ್ಟ ಮೇಲೆಯೇ ಉಜ್ಜಿ ಹೊಳಪು ತಂದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ. ತುಕ್ಕುಗತ್ತಿ ಅದ್ದಿದರೆ ತುಕ್ಕೋ ತಾಮ್ರವೋ ತಿಳಿಯದೆ ಗೊಂದಲವಾಗುತ್ತದೆ. ಕೆಂಪಾದರೆ ಸೋಸಿದ ಸುಣ್ಣದ ಹಾಲನ್ನು ಸ್ವಲ್ಪಸ್ವಲ್ಪ ಸೇರಿಸಿ ಮತ್ತೆ ಅದ್ದಿ. ಕೆಂಪು ಲಿಟ್ಮಸ್ ನೀಲಿಗೆ ತಿರುಗಿದರೆ ಸಾಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಕಲಬೆರಕೆಯ ಒಂದು ಗುರುತು ಡ್ರಮ್ಮಿನಲ್ಲೇ ಕಾಣುತ್ತದೆ. ಒಳ್ಳೆಯ ತುತ್ತದ ಬೋರ್ಡೋ ಸ್ವಚ್ಛ ಆಕಾಶನೀಲಿ, ಗಂಟೆ ಕಳೆದರೂ ಹಾಗೇ ಇರುತ್ತದೆ. ಕಬ್ಬಿಣ ಬೆರೆತದ್ದು ಮೊದಲೇ ಕೊಳಕು ಹಸಿರು, ಗಾಳಿ ತಾಗಿದ ಮೇಲ್ಪದರ ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ.

ಕಬ್ಬಿಣ ಗಿಡಕ್ಕೆ ವಿಷವೇನಲ್ಲ. ನಷ್ಟ ಇರುವುದು ತಾಮ್ರ ಕಡಿಮೆ ಬೀಳುವುದರಲ್ಲಿ. ನಿಮ್ಮ ಮಾಲಿನಲ್ಲಿ 18% ತಾಮ್ರ ಇದೆಯೆನ್ನಿ, ಡ್ರಮ್ಮಿಗೆ ಒಂದು ಕಿಲೋ ಹಾಕಿದರೂ ಅದರಲ್ಲಿ ನಿಜವಾದ ತುತ್ತ 710 ಗ್ರಾಂ. ನೀವು ಹೊಡೆಯುತ್ತಿರುವುದು 0.5% ಅಲ್ಲ, 0.35%. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಗೆ ಅದು ತಡೆಯಲಿಕ್ಕಿಲ್ಲ. ಮಳೆ ತಲೆಯ ಮೇಲೆ ಬಂದು ಬೇರೆ ಮಾಲು ಸಿಗದೆ ಹೋದರೆ, ಕಲ್ಮಶ ಅನ್ನಭೇದಿಯೇ ಎಂದು ಖಾತ್ರಿಯಾದ ಮೇಲೆ 1.4 ಕಿಲೋ ಹಾಕಿ ಸರಿತೂಗಿಸಬಹುದು. ಕ್ಲೋರೈಡ್ ಕಂಡರೆ ಆ ದಾರಿ ಬೇಡ, ಉಪ್ಪುನೀರು ಎಳೆ ಎಲೆಯನ್ನು ಸುಡುತ್ತದೆ. ಗೊಬ್ಬರ ನಿಯಂತ್ರಣ ಆದೇಶದಂತೆ (1985) ಸೂಕ್ಷ್ಮ ಪೋಷಕಾಂಶವಾಗಿ ಮಾರುವ ತುತ್ತದಲ್ಲಿ ಕನಿಷ್ಠ 24% ತಾಮ್ರ ಇರಬೇಕು. ಚೀಲದ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಾಮ್ರದ ಶೇಕಡ ಅಚ್ಚಾಗಿದೆಯೇ ನೋಡಿ. ಏನೂ ಇಲ್ಲದ ಬಿಳಿ ಚೀಲವಾದರೆ ಪರೀಕ್ಷೆಗೂ ಮುಂಚೆಯೇ ಅರ್ಧ ಉತ್ತರ ಸಿಕ್ಕಿತು. ದೂರು ಕೊಡುವುದಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಿಲ್ಲಿನೊಂದಿಗೆ ಹೋಗಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಗಳಲ್ಲೂ ಮಾದರಿ ಎಲ್ಲಿಗೆ ಕಳಿಸಬೇಕೆಂದು ವಿಚಾರಿಸಬಹುದು.

ಪರೀಕ್ಷೆ ಮಾಡುವಾಗ ಕನ್ನಡಕ, ಕೈಗವಸು ಹಾಕಿಕೊಳ್ಳಿ. ತುತ್ತದ ನೀರು ಕಣ್ಣಿಗೆ ಬಿದ್ದರೆ ಕಣ್ಣಿಗೆ ಗಂಭೀರ ಗಾಯವಾಗುತ್ತದೆ. ಕಾಲು ಗಂಟೆ ಬಿಡದೆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹೋದರೆ ಮೂತ್ರಪಿಂಡ, ಯಕೃತ್ತಿಗೆ ಕುತ್ತು. ಆಗ ವಾಂತಿ ಮಾಡಿಸುವ ಪ್ರಯತ್ನ ಬೇಡ, ಚೀಲದ ಲೇಬಲ್ ಸಮೇತ ಕರೆದೊಯ್ಯಿರಿ. ಅಡಿಗೆಯ ಪಾತ್ರೆ ಬಳಸಬೇಡಿ. ಕಬ್ಬಿಣ, ಅಲ್ಯೂಮಿನಿಯಂ, ಸತುವು ಲೇಪಿಸಿದ ಬಕೆಟ್ ಯಾವುದರಲ್ಲೂ ತುತ್ತ ಕರಗಿಸಬೇಡಿ, ತಾಮ್ರವೆಲ್ಲ ಪಾತ್ರೆಗೆ ಹತ್ತಿ ಪಾತ್ರೆ ತೂತಾಗುತ್ತದೆ. ಪ್ಲಾಸ್ಟಿಕ್ ಡ್ರಮ್ಮೇ ಸರಿ. ಮೀನಿಗೆ ತಾಮ್ರ ತೀರ ಸ್ವಲ್ಪವೇ ಸಾಕು, ಆದ್ದರಿಂದ ಡ್ರಮ್, ಸ್ಪ್ರೇಯರುಗಳನ್ನು ತೋಡಿಗೋ ಕೆರೆಗೋ ಒಯ್ದು ತೊಳೆಯಬಾರದು, ತೊಳೆದ ನೀರು ತೋಟದ ಒಳಗೇ ಇಂಗಲಿ. ಮಾದರಿಯಲ್ಲಿ ಉಳಿದ ಪುಡಿಯನ್ನು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಬರೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಅಂಗಡಿಯವರ ಜೊತೆ ಮಾತಾಡುವಾಗ ಅದೇ ಬೇಕಾಗುವುದು.